ದೀಪದವನ ಸರದಿ

ಮಾರ್ಚ್ 3

ಗುಬ್ಬಿಗೆ,

ಫೋನು ಮಾಡದೆ ಕಾಗದ ಬರೆದಿದ್ದೇನೆಂದರೆ ವಿಷಯ ಗಂಭೀರವಾದದ್ದು ಎಂದು ತಿಳಿ. ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ ಅತ್ತೆ, ಹೂಂ ಅತ್ತೆ" ಎನ್ನುತ್ತೀ. ಕಾಗದಕ್ಕೆ ಹೂಂ ಎಂದರೆ ಸಾಲದು, ಕೂತು ಉತ್ತರ ಬರೆಯಬೇಕು.

ಹೋದ ತಿಂಗಳು ಬೈಂಡಿಂಗ್ ಅಂಗಡಿಯನ್ನು ಸೊಸೆಯ ಕೈಗೆ ಒಪ್ಪಿಸಿದೆ. ನಲವತ್ತೊಂದು ವರ್ಷ ಆ ಮೇಜಿನ ಮುಂದೆ ನಿಂತವಳು ನಾನು. ಶಾಲೆಯ ಹಾಜರಿ ಪುಸ್ತಕ, ಕಚೇರಿಯ ದಾಖಲೆ, ವಕೀಲರ ದಪ್ಪ ಗ್ರಂಥ, ಎಲ್ಲ ನನ್ನ ಸೂಜಿಯಡಿ ಹಾದು ಹೋಗಿವೆ. ಒಂದು ಹಾಳೆ ಹಿಂದುಮುಂದಾಯಿತು ಎಂದು ಯಾರೂ ವಾಪಸು ತಂದಿಲ್ಲ. ಮಗನಿಗೆ ಅಂಟಿನ ವಾಸನೆ ಆಗದು, ಅವನು ಭೂಮಿ ಅಳೆಯುವ ಕೆಲಸ ಹಿಡಿದು ಊರೂರು ತಿರುಗುತ್ತಾನೆ. ಸೊಸೆಗೆ ಆ ವಾಸನೆಯೇ ಇಷ್ಟ. ಅವಳ ಹೊಲಿಗೆ ನನ್ನಷ್ಟೇ ಬಿಗಿ. ಇದನ್ನು ಅವಳಿಗೆ ಹೇಳಬೇಡ.

ಅವಳು ಮೊನ್ನೆ ಹಳೆಯ ಡ್ರಾಯರು ಖಾಲಿ ಮಾಡುವಾಗ ಒಂದು ಬಟ್ಟೆಯ ಚೀಲ ಸಿಕ್ಕಿತು.

"ಅತ್ತೆ, ಇದೇನಿದು, ಇಷ್ಟೊಂದು ಮೂಲೆ ಇರೋ ದಾಳ?"

"ಇಪ್ಪತ್ತು ಮುಖ. ಬೇಕಾದ್ರೆ ಎಣಿಸಿ ನೋಡು."

"ಇದ್ರಲ್ಲಿ ಏನು ಮಾಡ್ತಿದ್ರಿ ನೀವು?"

"ರಾಕ್ಷಸರನ್ನ ಕೊಲ್ತಿದ್ದೆ," ಎಂದೆ. "ಒಮ್ಮೊಮ್ಮೆ ಮನೆಯವರನ್ನೂ."

ಅವಳು ನಕ್ಕಳು. ನಾನು ನಗಲಿಲ್ಲ, ಏಕೆಂದರೆ ಅದು ನಿಜ. ನೀನು ಆ ಮೇಜಿನ ಕೆಳಗೆ ಪೆನ್ಸಿಲ್ ಸಿಪ್ಪೆ ಹೆಕ್ಕುತ್ತ ಬೆಳೆದವಳು, ನಿನಗೆ ನಾನು ಪಾತ್ರದಾಟ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಸೊಸೆಗೆ ವಿವರಿಸಲು ಒಂದು ಮಧ್ಯಾಹ್ನ ಹಿಡಿಯಿತು. ಹಲಗೆಯಿಲ್ಲ, ಕಾಯಿಯಿಲ್ಲ. ಒಬ್ಬರು ಸೂತ್ರಧಾರರಾಗಿ ಊರು, ಕಾಡು, ಶತ್ರು ಎಲ್ಲ ಹೇಳುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ "ನಾನು ಹೀಗೆ ಮಾಡುತ್ತೇನೆ" ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ಮತ್ತು ನಿಯಮದ ಪುಸ್ತಕ ಹೇಳುತ್ತವೆ. "ಅಂದ್ರೆ ಎಲ್ಲರೂ ಸೇರಿ ಸುಳ್ಳು ಹೇಳೋದು, ಆದ್ರೆ ಲೆಕ್ಕದಲ್ಲಿ," ಎಂದಳು. ಬುದ್ಧಿವಂತೆ.

ಮತ್ತೆ ಆಡಬೇಕು ಎಂದು ನಿರ್ಧರಿಸಿದ್ದೇನೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಅಂಗಡಿಯ ಮೇಲಿನ ಕೋಣೆಯಲ್ಲಿ, ಮೊದಲಿನ ಹಾಗೆಯೇ. ಸೂತ್ರಧಾರ ನಾನೇ. ಕಾಗದದ ಅಂಗಡಿಯ ರೀಮಣ್ಣ ಬರುತ್ತಾರೆ. ಅವರಿಗೆ ಈಗ ಬಲಗಿವಿ ಕೇಳುವುದಿಲ್ಲ, ಎಡಕ್ಕೆ ಕೂರಿಸಿದರಾಯಿತು. ಸೊಸೆ ಇದ್ದಾಳೆ. ನಿನ್ನ ಮಾವ ತೀರಿಹೋಗಿ ಆರು ವರ್ಷವಾಯಿತು, ಅವರ ಕುರ್ಚಿ ಗೋಡೆಗೆ ಒರಗಿದೆ. ಇನ್ನೊಂದು ಕುರ್ಚಿ ನನ್ನ ತಮ್ಮನದು, ನಿನ್ನಪ್ಪನದು. ಅವನು ಮದುವೆಗೆ ಬರುತ್ತಾನೆ, ಸಾವಿಗೆ ಬರುತ್ತಾನೆ, ಕೆಳಗೆ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಾನೆ. ಹತ್ತೊಂಬತ್ತು ವರ್ಷದಿಂದ ಮೇಲಿನ ಕೋಣೆಯ ಮೆಟ್ಟಿಲು ಮಾತ್ರ ಹತ್ತಿಲ್ಲ.

ಈಗ ಕೇಳುವುದು ಇಷ್ಟು. ಆಟದ ಪುಸ್ತಕಗಳು ಬದಲಾಗಿವೆ, ಹೊಸ ಹೊಸ ಆವೃತ್ತಿ ಬಂದಿವೆ, ಫೋನಿನಲ್ಲೂ ಏನೇನೋ ಇದೆ ಎಂದು ಸೊಸೆ ಹೇಳುತ್ತಾಳೆ. ನೀನು ಗ್ರಂಥಾಲಯದಲ್ಲಿ ಕೂತು ದಿನವಿಡೀ ಜನರಿಗೆ ಪುಸ್ತಕ ಆರಿಸಿಕೊಡುವವಳು. ನನಗೆ ಯಾವುದು ಬೇಕು, ಯಾವುದು ಬೇಡ, ಬರೆ. ನಾನು ಓದಿದ್ದು ಹತ್ತನೆಯ ತರಗತಿ. ಆದರೆ ಪುಸ್ತಕವನ್ನು ಒಳಗಿಂದ ಬಲ್ಲವಳು.

ನಿನ್ನಪ್ಪನಿಗೆ ಇದನ್ನು ಹೇಳಬೇಕೆಂದೇನಿಲ್ಲ. ಹೇಳಬಾರದೆಂದೂ ಇಲ್ಲ.

ನಿನ್ನ ಅತ್ತೆ

———

ಮಾರ್ಚ್ 15

ಅತ್ತೆ,

ನಿಮ್ಮ ಕಾಗದವನ್ನು ಗ್ರಂಥಾಲಯದ ಕೌಂಟರಿನಲ್ಲೇ ನಿಂತು ಓದಿ ಜೋರಾಗಿ ನಕ್ಕೆ. "ಸದ್ದು ಮಾಡಬಾರದು" ಎಂಬ ಫಲಕ ನನ್ನ ತಲೆಯ ಮೇಲೆಯೇ ಇದೆ.

ಇಲ್ಲಿಗೆ ಬರುವವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಮೊದಲು ಪುಸ್ತಕವಲ್ಲ, ಮೇಜು. ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಯಾರಿಗೆ ಯುದ್ಧ ಇಷ್ಟ, ಯಾರಿಗೆ ಮಾತು ಇಷ್ಟ, ಅದನ್ನು ನೋಡಿ ಪುಸ್ತಕ ಆರಿಸಬೇಕು. ಬಹಳ ಜನ ಹಳೆಯ ಹುಚ್ಚು ಮರಳಿದ ಕೂಡಲೇ ಮೂರು ದಪ್ಪ ಪುಸ್ತಕ ಒಟ್ಟಿಗೆ ತಂದು ಕಪಾಟಿನಲ್ಲಿಟ್ಟು, ಮುನ್ನೂರು ಪುಟ ಓದುವ ಹೊತ್ತಿಗೆ ಆಡುವ ಆಸೆ ಕಳೆದುಕೊಳ್ಳುತ್ತಾರೆ. ನೀವು ಹಾಗೆ ಮಾಡುವವರಲ್ಲ. ಆದರೂ ಆರಂಭಿಕರ ತೆಳು ಪುಸ್ತಿಕೆಯೊಂದಿದೆ, ಅದರಲ್ಲೇ ಒಂದು ಸಿದ್ಧ ಕಥೆಯಿದೆ, ಅದರಿಂದ ಶುರುಮಾಡಿ. ಮೂಲ ನಿಯಮಗಳನ್ನು ಪ್ರಕಾಶಕರೇ ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಓದಲು ಇಟ್ಟಿದ್ದಾರೆ. ಎರಡು ದಿನ ಅದನ್ನು ಓದಿ ನೋಡಿ, ಒಗ್ಗಿದರೆ ಮಾತ್ರ ಅಚ್ಚಿನ ಪುಸ್ತಕ.

ಪಿಡಿಎಫ್ ಒಳ್ಳೆಯದು ಹುಡುಕಲಿಕ್ಕೆ. ಒಂದು ಪದ ಬರೆದರೆ ಪುಟ ಎದುರಿಗೆ ಬರುತ್ತದೆ. ಆದರೆ ಆಟದ ನಡುವೆ ಎಲ್ಲರೂ ಪರದೆ ನೋಡುತ್ತ ಕೂತರೆ ಮುಖ ನೋಡುವವರು ಯಾರು? ಸೂತ್ರಧಾರರ ಕೈಗೆ ಒಂದು ಅಚ್ಚಿನ ಪ್ರತಿ ಸಾಕು. ಪಾತ್ರದ ಅಂಕ ಕೂಡಿಸಲು ಒಂದು ಆ್ಯಪ್ ಇದೆ, ಅತ್ತಿಗೆಗೆ ಹಿಡಿಸಬಹುದು. ದಾಳ ಉರುಳಿಸುವ ಆ್ಯಪ್ ಕೂಡ ಇದೆ. ಅದನ್ನು ನಿಮಗೆ ತೋರಿಸುವ ಧೈರ್ಯ ನನಗಿಲ್ಲ.

ಇನ್ನು ನಿಮ್ಮ ಹಳೆಯ ಪುಸ್ತಕ. ಅಂಥ ಹಳೆಯ ಆವೃತ್ತಿಗಳನ್ನೂ ಈಗ ಪಿಡಿಎಫ್ ಮಾಡಿ ಮಾರುತ್ತಾರೆ. ನಿಮ್ಮದು ಯಾವ ಆವೃತ್ತಿ ಎಂದು ತಿಳಿಯಲು ಅದರ ಪರಿವಿಡಿ ಬರೆದು ಕಳಿಸುತ್ತೀರಾ? ಅದೇ ಸಿಕ್ಕರೆ ಎಲ್ಲರಿಗೂ ಒಂದೊಂದು ಪ್ರತಿ ಆಗುತ್ತದೆ.

ಅಪ್ಪ ಎಂದಿನಂತೆ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ನೋಡುತ್ತಿದ್ದರು. ನಿಮ್ಮ ಕಾಗದದ ವಿಷಯ ಹೇಳಿದೆ. ತಲೆ ಎತ್ತಲಿಲ್ಲ. "ಹಳೇ ಪುಸ್ತಕದಲ್ಲೇ ಆಡ್ತಾಳಂತಾ?" ಎಂದು ಮಾತ್ರ ಕೇಳಿದರು.

ಗುಬ್ಬಿ

———

ಮಾರ್ಚ್ 24

ಗುಬ್ಬಿಗೆ,

"ಮೊದಲು ಮೇಜು" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಸಂತೋಷವಾಯಿತು. ಇಷ್ಟು ವರ್ಷ ಪುಸ್ತಕಗಳ ನಡುವೆ ಇದ್ದೂ ಮನುಷ್ಯರನ್ನು ಮೊದಲು ನೋಡುತ್ತೀ. ನಿನ್ನ ಬಳಿ ಬರುವವರು ಪುಣ್ಯವಂತರು.

ದಾಳದ ಆ್ಯಪನ್ನು ಸೊಸೆ ತೋರಿಸಿಯೇ ಬಿಟ್ಟಳು. ಬೆರಳು ಮುಟ್ಟಿಸಿದರೆ ಅಂಕೆ ಬರುತ್ತದೆ. ಉರುಳುವ ಸದ್ದಿಲ್ಲ, ಮೇಜಿನ ಅಂಚಿಗೆ ಬಂದು ಬೀಳುತ್ತದೋ ಏನೋ ಎಂಬ ದಿಗಿಲಿಲ್ಲ. ಬೇಡ ಎಂದೆ. ಅಂಕ ಕೂಡಿಸುವ ಆ್ಯಪ್ ಇರಲಿ. ರೀಮಣ್ಣನವರು ಹನ್ನೊಂದು ವರ್ಷ ತಪ್ಪಾಗಿ ಕೂಡಿಸಿದ್ದಾರೆ, ಅದೂ ಪ್ರತಿ ಸಲ ತಮಗೇ ಲಾಭವಾಗುವ ಹಾಗೆ.

ಪರಿವಿಡಿ ಇದರೊಂದಿಗಿದೆ. ಈ ಪುಸ್ತಕದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಮೂವತ್ತು ವರ್ಷದ ಹಿಂದೆ ಅದು ಇಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ನಿನ್ನಪ್ಪ ಯಾರಿಂದಲೋ ಎರವಲು ತಂದು ಒಂದೇ ದಿನದಲ್ಲಿ ಜೆರಾಕ್ಸ್ ಮಾಡಿಸಿ, ಬಿಡಿ ಹಾಳೆಯ ಕಂತೆಯನ್ನು ನನ್ನ ಮುಂದೆ ಸುರಿದ. ಪುಸ್ತಕದ ಮೊದಲಿಗಿರುವ ಪರಿವಿಡಿ ಜೆರಾಕ್ಸಿನಲ್ಲಿ ಬಂದೇ ಇರಲಿಲ್ಲ. ಕೆಳಗಿನ ಅಂಚು ಕತ್ತರಿಸಿ ಹೋಗಿ ಪುಟದ ಸಂಖ್ಯೆಗಳೂ ಇರಲಿಲ್ಲ. ನಾನು ಓದಿ ಓದಿ ಜೋಡಿಸಿದೆ. ಎರಡೆರಡು ಹಾಳೆ ಮಡಚಿ ಎಂಟೆಂಟು ಪುಟದ ಕಟ್ಟು ಮಾಡಿ ಹೊಲಿದೆ, ಶಾಯಿಯಲ್ಲಿ ಒಂದರಿಂದ ಸಂಖ್ಯೆ ಬರೆದೆ, ಪರಿವಿಡಿಯನ್ನೂ ನಾನೇ ಬರೆದು ಅಂಟಿಸಿದೆ. ಆಗ ರಟ್ಟಿಗೂ ಬರವಿತ್ತು. ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿ ರಟ್ಟು ಮಾಡಿಕೊಳ್ಳುತ್ತಿದ್ದೆವು. ನೂರ ಎಂಬತ್ತನಾಲ್ಕು ಪುಟ. ಇವತ್ತಿಗೂ ಒಂದು ಎಳೆ ಸಡಿಲವಾಗಿಲ್ಲ.

ಆ ಪುಸ್ತಕದ ಮೇಲೆ ಕೈಯಿಟ್ಟು ನಾನು ಆಟ ನಡೆಸಿದೆ. "ಪುಸ್ತಕದಲ್ಲಿ ಇಲ್ಲದ್ದು ನನ್ನ ಮೇಜಿನ ಮೇಲೂ ಇಲ್ಲ" ಎನ್ನುತ್ತಿದ್ದೆ. ನಿನ್ನಪ್ಪನ ಪಾತ್ರ ದೀಪದವನು. ಕತ್ತಿಯಿಲ್ಲ, ಕವಚವಿಲ್ಲ, ಒಂದು ಲಾಂದ್ರ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವನು. ಅಂಥ ಆಟಗಾರನನ್ನು ನಾನು ನೋಡಿಲ್ಲ. ನಾನು ಒಂದು ಬಾಗಿಲು ಎಂದರೆ ಅವನು ಅದರ ಕೀಲಿನ ತುಕ್ಕು ಕೇಳುತ್ತಿದ್ದ. ನಾನು ಹೇಳಿದ ಊರು ಅವನು ಕೇಳಿದ ಪ್ರಶ್ನೆಯಿಂದಲೇ ಊರಾಗುತ್ತಿತ್ತು.

ಕೊನೆಯ ಭಾನುವಾರ ಸೇತುವೆಯ ಮೇಲೆ ಅವನು ಒಬ್ಬನೇ ನಿಂತು ಉಳಿದಿಬ್ಬರನ್ನು ದಾಟಿಸಿದ. ಏಟು ಬಿತ್ತು, ಶಕ್ತಿಯ ಅಂಕ ಸೊನ್ನೆಗಿಳಿಯಿತು. ನಿನ್ನ ಮಾವ ಎದ್ದು ನಿಂತು, "ನಾನು ಓಡಿ ಹೋಗಿ ಅವನ ಕೈ ಹಿಡ್ಕೋತೀನಿ," ಎಂದರು. ನಾನು ಪುಸ್ತಕ ತೆರೆದು ಓದಿದೆ. ನಲವತ್ತೆಂಟನೆಯ ಪುಟದ ಕೊನೆ: "ಶಕ್ತಿಯ ಅಂಕ ಸೊನ್ನೆಗೆ ಇಳಿದ ಪಾತ್ರ". ನಲವತ್ತೊಂಬತ್ತರ ಮೊದಲ ಸಾಲು: "ಸತ್ತಿತೆಂದೇ ತಿಳಿಯಬೇಕು. ಅದರ ಸಾಮಾನು ಸಂಗಡಿಗರಿಗೆ ಸೇರುತ್ತದೆ." ಕೈ ಹಿಡಿಯುವ ಮಾತು ಎಲ್ಲೂ ಇಲ್ಲ. ಇಲ್ಲ ಎಂದೆ. ನಿನ್ನ ಮಾವ ಕೂತು, ತಮ್ಮ ಸಾಮಾನಿನ ಪಟ್ಟಿಯಲ್ಲಿ ಲಾಂದ್ರವನ್ನು ಬರೆದುಕೊಂಡರು. ನಿನ್ನಪ್ಪ ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಮೇಲೆ ನಿಮ್ಮನ್ನೆಲ್ಲ ಕಟ್ಟಿಕೊಂಡು ಆ ಊರಿಗೆ ಹೋದ.

ಸೋಲಲು ಬಾರದವನು ಎಂದು ನಾನು ಎಲ್ಲರೆದುರು ಹೇಳಿದ್ದು ನಿಜ. ಈಗಲೂ ಹಾಗೆಯೇ ಎಂದುಕೊಂಡಿದ್ದೇನೆ. ಆದರೂ ಅವನಿಗೆ ಒಂದು ಪ್ರತಿ ಇರಲಿ, ಪಿಡಿಎಫ್ ತರಿಸುವಾಗ ಲೆಕ್ಕಕ್ಕೆ ಸೇರಿಸಿಕೋ.

ನಿನ್ನ ಅತ್ತೆ

———

ಏಪ್ರಿಲ್ 20

ಅತ್ತೆ,

ಉತ್ತರ ತಡವಾಯಿತು. ಗ್ರಂಥಾಲಯದಲ್ಲಿ ವರ್ಷದ ಎಣಿಕೆ ನಡೆದಿತ್ತು.

ಯೋಚಿಸಿ ನೋಡಿದೆ. ಹಳೆಯ ಪುಸ್ತಕ ಬೇಡ ಅತ್ತೆ, ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಿ. ಹಳೆಯದರ ಅಕ್ಷರ ಸಣ್ಣದು. ಪಿಡಿಎಫ್ ಕೂಡ ಅಷ್ಟು ಸ್ಪಷ್ಟವಾಗಿಲ್ಲ. ಅತ್ತಿಗೆಗೆ ಹೊಸದೇ ಸುಲಭವಾಗುತ್ತದೆ. ಆರಂಭಿಕರ ಪುಸ್ತಿಕೆಯನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಇಷ್ಟರಲ್ಲೇ ತಲುಪಿರಬೇಕು. ಹಳೆಯದನ್ನು ನೆನಪಿಗೆ ಕಪಾಟಿನಲ್ಲಿಡಿ.

ಅಪ್ಪ ಚೆನ್ನಾಗಿದ್ದಾರೆ. ನಿಮ್ಮ ಕೈ ನೋವು ಹೇಗಿದೆ ಎಂದು ಕೇಳಿದರು.

ಗುಬ್ಬಿ

———

ಏಪ್ರಿಲ್ 27

ಗುಬ್ಬಿಗೆ,

ಇಷ್ಟು ಚಿಕ್ಕ ಕಾಗದಕ್ಕೆ ಇಷ್ಟು ದಿನವೇ? ಒಂದು ತಿಂಗಳ ಹಿಂದೆ ಹಳೆಯ ಪಿಡಿಎಫ್ ಎಲ್ಲರಿಗೂ ಒಂದೊಂದು ಎಂದವಳು ಈಗ ಅಕ್ಷರ ಸಣ್ಣದು ಎನ್ನುತ್ತೀ. ಪಿಡಿಎಫ್ ಅಕ್ಷರವನ್ನು ಬೆರಳಲ್ಲಿ ಹಿಗ್ಗಿಸಬಹುದು ಎಂದು ಸೊಸೆ ತೋರಿಸಿದ್ದಾಳೆ. ನನಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡ. ಇದು ನಿನ್ನ ಮಾತಲ್ಲ. ನಿನ್ನಪ್ಪನಿಗೆ ಆ ಪುಸ್ತಕ ಕಂಡರೆ ಇವತ್ತಿಗೂ ಉರಿ, ಅದಕ್ಕೆ ಅವನು ಬೇಡವೆಂದಿದ್ದಾನೆ. ಹತ್ತೊಂಬತ್ತು ವರ್ಷ! ಗಡಿಯಾರದವನಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲವೇ?

ಅದಿರಲಿ. ಪುಸ್ತಿಕೆ ಬಂತು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ನಲವತ್ತು ಪುಟದಲ್ಲಿ ಇಷ್ಟನ್ನು ಹೇಳಿದವರಿಗೆ ತಲೆ ಇದೆ. ಆದರೆ ಪಿನ್ನು ಹೊಡೆದಿದ್ದರು. ಪಿನ್ನು ಕಿತ್ತು ಹೊಲಿದೆ.

ಭಾನುವಾರ ಮೂವರೇ ಆಡಿದೆವು. ಸೊಸೆ ದೋಣಿ ನಡೆಸುವ ಹೆಂಗಸಾದಳು. ಕೋಟೆಯ ಬಾಗಿಲಲ್ಲಿ ದೈತ್ಯನೊಬ್ಬ ಗುಟ್ಟಿನ ಮಾತು ಕೇಳುತ್ತಾನೆ, ಹೇಳದಿದ್ದರೆ ಹೊಡೆದಾಟ. ರೀಮಣ್ಣ ಕೊಡಲಿ ಎತ್ತಿದರು. ಇವಳು, "ತಡೀರಿ ರೀಮಣ್ಣ. ಆ ಬಾಗಿಲು ಕಿರುಗುಡುತ್ತಾ ಅತ್ತೆ?" ಎಂದು ಕೇಳಿದಳು.

"ಕಿರುಗುಡುತ್ತೆ," ಎಂದೆ. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

"ಹಾಗಾದ್ರೆ ಅಣ್ಣಾ," ಎಂದು ದೈತ್ಯನಿಗೆ ಹೇಳಿದಳು, "ದಿನಾ ಈ ಸದ್ದು ಕೇಳಿ ಕೇಳಿ ನಿಮಗೆ ತಲೆನೋವಲ್ವಾ? ನನ್ ದೋಣೀಲಿ ಎಣ್ಣೆ ಇದೆ, ಕೀಲಿಗೆ ಹಾಕ್ಲಾ?"

ದಾಳ ಉರುಳಿಸಿದಳು. ಹತ್ತೊಂಬತ್ತು. ದೈತ್ಯ ಅತ್ತುಬಿಟ್ಟ. ಅವನಿಗೆ ನೂರು ವರ್ಷದಲ್ಲಿ ಯಾರೂ ಅಣ್ಣಾ ಎಂದಿರಲಿಲ್ಲ. ರೀಮಣ್ಣ, "ಏನಂದ್ಲು? ಏನಂದ್ಲು?" ಎಂದು ಕಿವಿ ಮುಂದೆ ತಂದರು. ನಾನು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಬಾಗಿಲಿನ ಕೀಲು ಕೇಳುವ ಇನ್ನೊಬ್ಬ ಆಟಗಾರ್ತಿ ಈ ಮನೆಗೇ ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಇದನ್ನು ನಿನ್ನಪ್ಪ ನೋಡಬೇಕಿತ್ತು.

ಹೊಸ ಪುಸ್ತಿಕೆ ಕಲಿಯಲಿಕ್ಕೆ ಸರಿ. ದೊಡ್ಡ ಆಟಕ್ಕೆ ನನ್ನದೇ ಪುಸ್ತಕ. ನಿರ್ಧಾರ ಆಗಿದೆ. ರಟ್ಟಿನ ಮೂಲೆ ಉಬ್ಬಿದೆ, ಬೆನ್ನು ಸವೆದಿದೆ. ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ, ನಿನ್ನಪ್ಪ ಬರಲಿ, ಬಾರದಿರಲಿ.

ನಿನ್ನ ಅತ್ತೆ

———

ಮೇ 4

ಅತ್ತೆ,

ದಯವಿಟ್ಟು ಪುಸ್ತಕವನ್ನು ಬಿಚ್ಚಬೇಡಿ. ಜೂನಿನಲ್ಲಿ ನಾನೇ ಬರುತ್ತೇನೆ, ಕೂತು ಮಾತಾಡೋಣ. ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರು ನೀವು ಅಂದುಕೊಂಡ ಹಾಗಲ್ಲ.

ಗುಬ್ಬಿ

———

ಮೇ 9

ಗುಬ್ಬಿಗೆ,

ನಿನ್ನ ಕಾಗದ ಬಂದಾಗ ರಟ್ಟು ನೀರಿನಲ್ಲಿತ್ತು.

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ದಾರ ಕತ್ತರಿಸಿ ಒಳಗಿನ ಕಟ್ಟುಗಳನ್ನು ಬೇರೆ ಮಾಡಿದೆ. ಹಳೆಯ ರಟ್ಟನ್ನು ಎಸೆಯಲು ಮನಸ್ಸಾಗಲಿಲ್ಲ. ಹಾಳೆಗಳು ಗಟ್ಟಿಯಿದ್ದರೆ ಬೆನ್ನಿಗೆ ಅಂಟಿಸಲು ಆಗುತ್ತದೆ ಎಂದು ತಟ್ಟೆಯಲ್ಲಿ ನೆನೆಹಾಕಿದೆ. ಹಿಟ್ಟಿನ ಅಂಟು ನೀರಿಗೆ ಬಿಡುತ್ತದೆ. ಜೆರಾಕ್ಸಿನ ಅಕ್ಷರ ಮಾತ್ರ ಕರಗುವುದಿಲ್ಲ. ಮೇಲಿನದು ಯಾವುದೋ ಶಾಲೆಯ ಹಳೆಯ ಪಟ್ಟಿ. ಅದರ ಕೆಳಗೆ ಲಗ್ನಪತ್ರಿಕೆ. ಅದರ ಕೆಳಗಿನ ಎರಡು ಹಾಳೆ ಎತ್ತಿದಾಗ ನಮ್ಮ ಆಟದ ಪುಸ್ತಕದ ಅಕ್ಷರವೇ ಎಂದು ಗುರುತು ಸಿಕ್ಕಿತು. ಸೊಸೆಯನ್ನು ಕರೆದೆ.

"ಓದು," ಎಂದೆ. ನನ್ನ ಕನ್ನಡಕ ಒದ್ದೆಯಾಗಿತ್ತು.

ಅವಳು ಓದಿದಳು. "ಒಡನೆ ಸಾಯುವುದಿಲ್ಲ, ಪ್ರಜ್ಞೆ ತಪ್ಪುತ್ತದೆ. ಮೂರು ಸರದಿಯೊಳಗೆ ಸಂಗಡಿಗನೊಬ್ಬ ಬಳಿ ಹೋಗಿ ಕೈ ಹಿಡಿದರೆ ಪಾತ್ರ ಬದುಕುತ್ತದೆ."

ಎಂಟು ಪುಟ. ಬಿದ್ದವರನ್ನು ಎತ್ತುವುದು ಹೇಗೆ ಎಂಬುದಕ್ಕೇ ಮೀಸಲಾದ ಎಂಟು ಪುಟ. ಅದರ ಕೊನೆಯ ಸಾಲು, "ಮೂರು ಸರದಿಯಲ್ಲಿ ಯಾರೂ ಬಾರದಿದ್ದರೆ ಮಾತ್ರ ಆ ಪಾತ್ರ". ಅಲ್ಲಿಂದ ಮುಂದಕ್ಕೆ ನನ್ನ ನಲವತ್ತೊಂಬತ್ತನೆಯ ಪುಟ.

ಈಗ ನೆನಪಾಗುತ್ತದೆ. ಆ ಎರಡು ಹಾಳೆ ಸುಕ್ಕಾಗಿದ್ದವು. ಭಾರದ ಕೆಳಗಿಟ್ಟು ನೇರ ಮಾಡೋಣ ಎಂದು ಪಕ್ಕಕ್ಕಿಟ್ಟೆ. ಪಕ್ಕದಲ್ಲಿ ರದ್ದಿಯ ರಾಶಿಯಿತ್ತು. ಅದನ್ನೇ ತೆಗೆದು ರಟ್ಟು ಮಾಡಿದೆ. ಆಮೇಲೆ ಉಳಿದ ಹಾಳೆಗೆ ಒಂದರಿಂದ ಸಂಖ್ಯೆ ಬರೆದು, ತಪ್ಪಿಗೆ ನಾನೇ ಬೀಗ ಹಾಕಿದೆ. ಹನ್ನೊಂದು ವರ್ಷ ಆ ರಟ್ಟಿನ ಮೇಲೆ ಕೈಯಿಟ್ಟು ತೀರ್ಪು ಹೇಳಿದ್ದೇನೆ ಗುಬ್ಬಿ. ನಿಯಮ ನನ್ನ ಅಂಗೈಯ ಕೆಳಗೇ ಇತ್ತು.

ಸೊಸೆ, "ಅತ್ತೆ, ಯಾರಿಗೂ ಗೊತ್ತಾಗಲ್ಲ, ಒಳಗೆ ಸೇರಿಸಿ ಹೊಲಿದುಬಿಡೋಣ," ಎಂದಳು. ನನ್ನ ಮುಖ ನೋಡಿ ಹಾಗೆಂದಳು, ಅವಳ ತಪ್ಪಲ್ಲ.

ನಿನಗೆ ಗೊತ್ತಿತ್ತು. ನಾನು ಬರೆದು ಕಳಿಸಿದ ಪರಿವಿಡಿಯನ್ನು ಪಿಡಿಎಫ್‌ನ ಜೊತೆ ಇಟ್ಟು ನೋಡಿದ್ದೀ. ನೂರ ತೊಂಬತ್ತೆರಡು ಇರಬೇಕಾದಲ್ಲಿ ನೂರ ಎಂಬತ್ತನಾಲ್ಕು. ಅದಕ್ಕೇ ಆ ಒಂದು ತಿಂಗಳು. ಅಕ್ಷರ ಸಣ್ಣದಂತೆ!

ಒಂದೇ ಪ್ರಶ್ನೆ. ನಿನ್ನಪ್ಪನಿಗೆ ಗೊತ್ತೇ? ಯಾವಾಗಿನಿಂದ? ಸುತ್ತಿ ಬಳಸಿ ಬರೆಯಬೇಡ.

ನಿನ್ನ ಅತ್ತೆ

———

ಮೇ 16

ಅತ್ತೆ,

ಗೊತ್ತು. ಹದಿನೆಂಟು ವರ್ಷದಿಂದ.

ನೀವು ಕಳಿಸಿದ ಪರಿವಿಡಿ ಹಿಡಿದು ಪಿಡಿಎಫ್ ನೋಡಿದ ದಿನ ನಾನು ಅಪ್ಪನ ಅಂಗಡಿಗೆ ಓಡಿದೆ. ಹೊಸ ಸುದ್ದಿ ತಂದೆ ಎಂದುಕೊಂಡಿದ್ದೆ. ಅಪ್ಪ ಕೆಳಗಿನ ಡ್ರಾಯರು ಎಳೆದರು. ಕೆಟ್ಟ ಗಡಿಯಾರಗಳ ಅಡಿಯಲ್ಲಿ ಅದೇ ಪುಸ್ತಕ, ಅಚ್ಚಿನದು. ಈ ಊರಿಗೆ ಬಂದ ಮರುವರ್ಷ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಸಿಕ್ಕಿತಂತೆ. ನಿಂತಲ್ಲೇ ತೆರೆದು ನಲವತ್ತೊಂಬತ್ತನೆಯ ಪುಟ ಓದಿದರಂತೆ.

"ಮತ್ತೆ ಅತ್ತೆಗೆ ಯಾಕೆ ಹೇಳ್ಲಿಲ್ಲಪ್ಪಾ?" ಎಂದು ಕೇಳಿದೆ.

"ಏನಂತ ಹೇಳಲಿ? ಅಕ್ಕ ಕಟ್ಟಿದ ಪುಸ್ತಕದಲ್ಲಿ ಹಾಳೆ ತಪ್ಪಿದೆ ಅಂತ ಈ ಬಾಯಲ್ಲಿ ಹೇಳೋದಾ? ಆ ಅಂಗಡಿ ನಿಂತಿರೋದೇ ಅವಳ ಕೈ ಮೇಲಿನ ನಂಬಿಕೇಲಿ."

"ಸುಮ್ನೆ ವಾಪಸ್ ಹೋಗಿ ಆಡಬಹುದಿತ್ತಲ್ವಾ?"

"ಅಲ್ಲಿ ಕೂತ್ರೆ ಗೊತ್ತಿರೋದನ್ನ ಗೊತ್ತಿಲ್ದಂಗೆ ಆಡಬೇಕು. ಅಕ್ಕನ ಮೇಜಿನ ಮೇಲೆ ನಾನು ಯಾವತ್ತೂ ಮೋಸ ಮಾಡಿಲ್ಲ ಕಣೆ. ಸೋಲೋಕೆ ಬಾರದವನು ಅನ್ನಿಸ್ಕೊಳ್ಳೋದೇ ವಾಸಿ."

ಮೊದಲ ವರ್ಷ ಅವರಿಗೆ ಕೋಪವೇ ಇತ್ತು ಅತ್ತೆ, ಅದನ್ನು ಅವರು ಮುಚ್ಚಿಡಲಿಲ್ಲ. ಆ ಪುಸ್ತಕ ಸಿಕ್ಕ ದಿನ ಹೋಯಿತಂತೆ. ನಿಮಗೆ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ನೀವೇ ಕಂಡುಹಿಡಿದಿದ್ದೀರಿ, ನಾನು ಮಾತು ಮುರಿದ ಹಾಗಾಗಲಿಲ್ಲ.

ಚಿಕ್ಕಂದಿನಲ್ಲಿ ಮೇಜಿನ ಕೆಳಗಿಂದ ನನಗೆ ನಿಮ್ಮ ದನಿ ಮಾತ್ರ ಕೇಳುತ್ತಿತ್ತು. ನೀವು "ಸೇತುವೆ" ಎಂದರೆ ನನ್ನ ಕಾಲ ಕೆಳಗೆ ನೀರು ಹರಿಯುತ್ತಿತ್ತು. ನಾನು ಪುಸ್ತಕಗಳ ನಡುವೆ ಬದುಕುವವಳಾದದ್ದು ಅಲ್ಲಿ. ಎಂಟು ಪುಟಕ್ಕೆ ಅದು ಅಳಿಸಿಹೋಗುವುದಿಲ್ಲ.

ಗುಬ್ಬಿ

———

ಮೇ 23

ತಮ್ಮನಿಗೆ,

ನಿನಗೆ ನಾನು ಕಾಗದ ಬರೆದು ಎಷ್ಟು ಕಾಲವಾಯಿತೋ ನೆನಪಿಲ್ಲ. ಇದು ಸೂತ್ರಧಾರಳು ಆಟಗಾರನಿಗೆ ಬರೆಯುವ ಕಾಗದ. ಅಕ್ಕನ ಮಾತು ಕೊನೆಯಲ್ಲಿ.

ಹತ್ತೊಂಬತ್ತು ವರ್ಷದ ಹಿಂದಿನ ತೀರ್ಪನ್ನು ಮತ್ತೆ ಪರಿಶೀಲಿಸಿದ್ದೇನೆ. ನಿಯಮದಂತೆ ಬಿದ್ದವನಿಗೆ ಮೂರು ಸರದಿಯ ಅವಕಾಶವಿದೆ. ನಿನ್ನ ಭಾವ ಮೊದಲನೆಯ ಸರದಿಯಲ್ಲೇ ಎದ್ದು ನಿಂತು ಕೈ ಹಿಡಿಯುತ್ತೇನೆ ಎಂದಿದ್ದರು. ಮೂವರು ಕೇಳಿಸಿಕೊಂಡಿದ್ದೇವೆ. ರೀಮಣ್ಣನಿಗೆ ಆಗ ಎರಡು ಕಿವಿಯೂ ಕೇಳುತ್ತಿತ್ತು. ಆದ್ದರಿಂದ ದೀಪದವನು ಸತ್ತಿಲ್ಲ. ತೀರ್ಪು ಕೊಟ್ಟವಳದು ತಪ್ಪು, ಪುಸ್ತಕ ಕಟ್ಟಿದವಳದು ತಪ್ಪು. ಇಬ್ಬರೂ ನಾನೇ.

ಹೋದ ಭಾನುವಾರ ರೀಮಣ್ಣನನ್ನೂ ಸೊಸೆಯನ್ನೂ ಕೂರಿಸಿಕೊಂಡು ಇದನ್ನೇ ಹೇಳಿದೆ. ಎಲ್ಲರೆದುರು ಅಂದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ರೀಮಣ್ಣ, "ಹಂಗಾದ್ರೆ ನಾನು ಅಂಕ ತಪ್ಪು ಕೂಡಿಸಿದ್ದೂ ಮಾಫಾ?" ಎಂದರು. ಇಲ್ಲ ಎಂದೆ.

ಪುಸ್ತಕ ಹೊಸದಾಗಿ ಕಟ್ಟಿ ಆಗಿದೆ. ಎಂಟು ಪುಟ ತಮ್ಮ ಜಾಗಕ್ಕೆ ಬಂದಿವೆ. ಅಂಟಿನ ಕಲೆ ಹೋಗಲಿಲ್ಲ. ಉಳಿದದ್ದಕ್ಕೆ ಬಿಳಿ ದಾರ, ಆ ಒಂದು ಕಟ್ಟಿಗೆ ಮಾತ್ರ ಕೆಂಪು ದಾರ ಹಾಕಿದ್ದೇನೆ. ತೆರೆದವರಿಗೆ ಎಲ್ಲಿ ತಪ್ಪಿತ್ತು ಎಂದು ಕಾಣಲಿ. ಪುಟದ ಸಂಖ್ಯೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದದ್ದು ಬರೆದಿದ್ದೇನೆ, ಹಳೆಯದು ಓದಲು ಬರುವ ಹಾಗೆ. ಸೊಸೆಗೆ ಮೊದಲು ತೋರಿಸುವುದು ಇದನ್ನೇ: ಸಂಖ್ಯೆ ಬರೆಯುವ ಮುಂಚೆ ರದ್ದಿಯ ರಾಶಿ ನೋಡಬೇಕು.

ಗುಬ್ಬಿ ಗ್ರಂಥಾಲಯದ ಕೆಲಸ ಬಿಟ್ಟು ಅಷ್ಟು ದೂರದಿಂದ ವಾರವಾರ ಬರಲಾರಳು. ವಿಡಿಯೋ ಕರೆ ಮಾಡಿ ಪರದೆಯ ಮೇಲೆ ಕೂರುತ್ತಾಳಂತೆ. ನನಗೆ ಅದು ಹಿಡಿಸುವುದಿಲ್ಲ. ಆದರೂ ಅವಳಿಗಾಗಿ ಒಂದು ಕುರ್ಚಿಯ ಮೇಲೆ ಮರದ ಪೆಟ್ಟಿಗೆಯಿಟ್ಟು, ಪರದೆ ಮೇಜಿನ ಎತ್ತರಕ್ಕೆ ಬರುವ ಹಾಗೆ ಮಾಡಿದ್ದೇನೆ. ಅವಳು ಮೇಜಿನ ಕೆಳಗಿದ್ದದ್ದು ಸಾಕು.

ಈಗ ಅಕ್ಕನ ಮಾತು. ನಾನು ಹನ್ನೊಂದು ವರ್ಷ ಆಟ ನಡೆಸಿದೆ, ನೀನು ಹದಿನೆಂಟು ವರ್ಷ ಒಬ್ಬನೇ ಆಡಿದೆ, ನನ್ನ ಹೆಸರು ಉಳಿಯಲಿ ಎಂದು. ಆಟಗಾರರಲ್ಲಿ ನಿನ್ನಂಥವನನ್ನು ಕಂಡಿಲ್ಲ ಎಂದು ಗುಬ್ಬಿಗೆ ಬರೆದಿದ್ದೆ. ಎಷ್ಟು ನಿಜ ಎಂದು ಆಗ ನನಗೆ ಗೊತ್ತಿರಲಿಲ್ಲ.

ಭಾನುವಾರ, ಮೂರು ಗಂಟೆ. ಮೆಟ್ಟಿಲಿಗೆ ಹಿಡಿದು ಹತ್ತಲು ಹೊಸ ಕಂಬಿ ಹಾಕಿಸಿದ್ದೇನೆ, ವಯಸ್ಸಿನ ನೆಪ ಹೇಳಬೇಡ.

ಅಕ್ಕ

———

ಮೇ 30

ಅಕ್ಕ,

ಬರುತ್ತೇನೆ. ನನ್ನ ಪುಸ್ತಕ ತರುವುದಿಲ್ಲ, ನಿನ್ನದರಲ್ಲೇ ಆಡೋಣ. ಅಚ್ಚಿನದಕ್ಕೆ ಬೆನ್ನು ಬಿಟ್ಟಿದೆ, ಕಟ್ಟಿದವರಿಗೆ ಕೆಲಸ ಗೊತ್ತಿರಲಿಲ್ಲ.

ದೀಪದವನು ಏಳುವ ಮೊದಲು ಒಂದು ವಿಷಯ ತಿಳಿಯಬೇಕು. ಇಷ್ಟು ವರ್ಷ ಸೇತುವೆಯ ಮೇಲೆ ಕತ್ತಲಿನಲ್ಲಿ ಮಲಗಿದ್ದಾನೆ. ಕಣ್ಣು ಬಿಟ್ಟ ಕೂಡಲೇ ಅವನು ಕೇಳುತ್ತಾನೆ: ಲಾಂದ್ರ ಎಲ್ಲಿ?

ತಮ್ಮ

———

ಜೂನ್ 3

ತಮ್ಮನಿಗೆ,

ನಿನ್ನ ಭಾವನ ಪಾತ್ರದ ಹಾಳೆಯನ್ನು ಆರು ವರ್ಷದಿಂದ ತೆರೆದಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ತೆರೆದೆ. ಸಾಮಾನಿನ ಪಟ್ಟಿಯ ಕೊನೆಯ ಸಾಲು ಅವರ ಕೈಬರಹದಲ್ಲಿ ಹೀಗಿದೆ: "ಲಾಂದ್ರ, ಒಂದು. ನನ್ನದಲ್ಲ. ಅವನು ಬರುವವರೆಗೆ ಉರಿಯುತ್ತಿರಲಿ."

ಅವರ ಕುರ್ಚಿಯನ್ನು ಗೋಡೆಯಿಂದ ಎಳೆದು ನಿನ್ನದರ ಪಕ್ಕಕ್ಕೆ ಹಾಕಿದ್ದೇನೆ. ಹಾಳೆ ಅದರ ಮೇಲಿದೆ.

ನಿನ್ನ ಸರದಿ.

ಅಕ್ಕ